ಹುಂಡಿಯಿಂದ ಮೊಬೈಲಿನವರೆಗೆ: ಹಣದ ಆದೇಶ ದಾರಿ ತಪ್ಪಿದರೆ ನಷ್ಟ ಯಾರದು?

ಕೆಲವು ವರ್ಷಗಳ ಹಿಂದಿನ ಮಾತು. ಪಿರಿಯಾಪಟ್ಟಣ ತಾಲ್ಲೂಕಿನ ನನ್ನ ಪರಿಚಯದ ರೈತರೊಬ್ಬರು ಮೈಸೂರಿನಲ್ಲಿ ಓದುತ್ತಿದ್ದ ಮಗಳ ಹಾಸ್ಟೆಲ್ ಶುಲ್ಕಕ್ಕೆಂದು ಬ್ಯಾಂಕಿಗೆ ಹೋಗಿ ಹನ್ನೆರಡು ಸಾವಿರ ರೂಪಾಯಿ ಕಳುಹಿಸಿದರು. ಅರ್ಜಿಯಲ್ಲಿ ಮಗಳ ಹೆಸರನ್ನು ಸರಿಯಾಗಿಯೇ ಬರೆದಿದ್ದರು. ಖಾತೆ ಸಂಖ್ಯೆಯಲ್ಲಿ ಮಾತ್ರ ಒಂದು ಅಂಕಿ ತಪ್ಪಾಗಿತ್ತು. ಹಣ ಬೇರೆ ಯಾರದೋ ಖಾತೆಗೆ ಜಮೆಯಾಯಿತು.

"ಹೆಸರು ಸರಿಯಾಗೇ ಇದೆಯಲ್ಲ ಸಾರ್, ಅದನ್ನ ನೀವು ನೋಡಬೇಕಾಗಿತ್ತಲ್ವಾ?" ಎಂದು ಅವರು ಕೇಳಿದರು.

"ಯಜಮಾನ್ರೇ, ಕಂಪ್ಯೂಟರ್ ನೋಡೋದು ನಂಬರನ್ನ, ಹೆಸರನ್ನಲ್ಲ. ನಂಬರ್ ಬರೆದವರು ನೀವೇ ಅಲ್ವಾ?" ಎಂದು ಗುಮಾಸ್ತರು ಉತ್ತರಿಸಿದರು.

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಆದರೆ ಶುಲ್ಕ ಕಟ್ಟುವ ಕೊನೆಯ ದಿನ ಮಾತ್ರ ಯಾರಿಗಾಗಿಯೂ ಕಾಯುವುದಿಲ್ಲ. ನಾವು ಕೊಟ್ಟ ಆದೇಶದಂತೆ ಬ್ಯಾಂಕು ಹಣ ಕೊಡುತ್ತದೆ. ಆ ಆದೇಶ ದಾರಿ ತಪ್ಪಿದರೆ ನಷ್ಟ ಯಾರ ತಲೆಗೆ? ಈ ಪ್ರಶ್ನೆ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ. ಇದಕ್ಕೆ ಸಾವಿರ ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಒಂದೊಂದು ಕಾಲ ಇದಕ್ಕೆ ಒಂದೊಂದು ಉತ್ತರ ಕೊಟ್ಟಿದೆ. ಆ ಉತ್ತರಗಳನ್ನು ನಮ್ಮ ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಕ್ಕ್, ಸುಫ್ತಜಾ, ಹವಾಲಾ

ಹತ್ತನೆಯ ಶತಮಾನದ ಅರಬ್ ಭೂಗೋಳಜ್ಞ ಇಬ್ನ್ ಹೌಕಲ್ ಸಹಾರಾ ಮರುಭೂಮಿಯ ಅಂಚಿನ ಔದಗಸ್ತ್ ಎಂಬ ಪಟ್ಟಣದ ವ್ಯಾಪಾರದ ಬಗ್ಗೆ ಬರೆಯುವಾಗ ಒಂದು ಪತ್ರವನ್ನು ಕಂಡುದಾಗಿ ಹೇಳುತ್ತಾನೆ. ಅದು 42,000 ದೀನಾರುಗಳ ಸಕ್ಕ್, ಅಂದರೆ ಹಣದ ಬಾಧ್ಯತೆಯನ್ನು ಬರೆದ ಪತ್ರ. ಈಗಿನ ಮೊರಾಕ್ಕೋ ದೇಶದಲ್ಲಿದ್ದ ಸಿಜಿಲ್ಮಾಸ ಪಟ್ಟಣದ ವ್ಯಾಪಾರಿಗೆ ಸಂಬಂಧಿಸಿದ್ದು. ಎರಡು ಊರುಗಳ ನಡುವೆ ಇದ್ದುದು ವಾರಗಟ್ಟಲೆ ಒಂಟೆಯ ಮೇಲೆ ಸಾಗಬೇಕಾದ ಮರಳುಗಾಡು. ಅಷ್ಟು ಚಿನ್ನವನ್ನು ಆ ದಾರಿಯಲ್ಲಿ ಹೊತ್ತೊಯ್ಯುವುದಕ್ಕಿಂತ ಒಂದು ಕಾಗದವನ್ನು ಒಯ್ಯುವುದು ಕ್ಷೇಮವಾಗಿತ್ತು. ಮುಂದಿನ ಶತಮಾನದಲ್ಲಿ ಬಸ್ರಾ ನಗರಕ್ಕೆ ಬಂದ ಪಾರಸಿ ಪ್ರವಾಸಿ ನಾಸಿರ್ ಖುಸ್ರೊ ಅಲ್ಲಿನ ಪೇಟೆಯ ಪದ್ಧತಿಯನ್ನು ವಿವರಿಸಿದ್ದಾನೆ. ವ್ಯಾಪಾರಿಗಳು ತಮ್ಮ ಸೊತ್ತನ್ನು ಸರ್ರಾಫನಲ್ಲಿ ಇಟ್ಟು ಚೀಟಿ ಪಡೆಯುತ್ತಿದ್ದರು. ಕೊಂಡ ವಸ್ತುವಿನ ಬೆಲೆಯನ್ನು ಸರ್ರಾಫನ ಮೇಲೆ ಬರೆದ ಚೀಟಿಯಿಂದಲೇ ತೀರಿಸುತ್ತಿದ್ದರು. ಚೆಕ್ ಎಂಬ ಪದವೇ ಸಕ್ಕ್‌ನಿಂದ ಬಂದಿದೆ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಕೆಲವರು ಒಪ್ಪುವುದಿಲ್ಲ. ಪದದ ಮೂಲ ಏನೇ ಇರಲಿ, ಪದ್ಧತಿ ಮಾತ್ರ ಹಳೆಯದು.

ದೂರದ ಊರಿನಲ್ಲಿ ಹಣ ಪಡೆಯಲು ಕೊಡುತ್ತಿದ್ದ ಪತ್ರಕ್ಕೆ ಸುಫ್ತಜಾ ಎಂದು ಹೆಸರು. ಇಲ್ಲಿ ಹಣ ಸಾಲವಾಗಿ ಕೊಟ್ಟು ಅಲ್ಲಿ ಪಡೆಯುವವನಿಗೆ ದಾರಿಯ ಅಪಾಯ ತಪ್ಪುತ್ತದೆ. ಸಾಲ ಕೊಟ್ಟವನು ಈ ರೀತಿ ಲಾಭ ಪಡೆಯಬಹುದೇ ಎಂದು ಫಿಕ್ಹ್ ಪಂಡಿತರು ದೀರ್ಘವಾಗಿ ಚರ್ಚಿಸಿದ್ದಾರೆ.

ಇನ್ನು ಹವಾಲಾ. ಇಂದು ಪತ್ರಿಕೆಗಳಲ್ಲಿ ಈ ಪದ ಕಂಡರೆ ಕಳ್ಳದಾರಿಯ ಹಣ ಎಂದೇ ಅರ್ಥ. ಬ್ಯಾಂಕಿನ ದಾರಿ ಬಿಟ್ಟು ವಿದೇಶದ ಹಣ ತರಿಸುವುದು ನಮ್ಮ ದೇಶದ ಕಾನೂನಿನಲ್ಲಿ ಅಪರಾಧ ಎಂಬುದನ್ನು ಯಾರೂ ಮರೆಯಬಾರದು. ಆದರೆ ಫಿಕ್ಹ್ ಗ್ರಂಥಗಳಲ್ಲಿ ಹವಾಲಾ ಎಂದರೆ ಸಾಲದ ಹೊಣೆಯನ್ನು ಒಬ್ಬರಿಂದ ಮತ್ತೊಬ್ಬರಿಗೆ ವರ್ಗಾಯಿಸುವುದು, ಅಷ್ಟೆ. ನಾನು ನಿಮಗೆ ನೂರು ರೂಪಾಯಿ ಕೊಡಬೇಕು. ನನಗೆ ಮೂರನೆಯವರು ನೂರು ರೂಪಾಯಿ ಕೊಡಬೇಕು. "ಅವರಿಂದಲೇ ತೆಗೆದುಕೊಳ್ಳಿ" ಎಂದು ನಾನು ಹೇಳಿ ನೀವು ಒಪ್ಪಿದರೆ ಅದು ಹವಾಲಾ. ಆ ಮೂರನೆಯವರು ದಿವಾಳಿಯಾಗಿ ಸತ್ತರೆ? ನಿಮ್ಮ ಹಣಕ್ಕೆ ಮತ್ತೆ ನನ್ನನ್ನು ಹಿಡಿಯಬಹುದು ಎಂದರು ಇಮಾಮ್ ಅಬೂ ಹನೀಫಾ. ಒಮ್ಮೆ ಒಪ್ಪಿದ ಮೇಲೆ ಹಿಂತಿರುಗುವಂತಿಲ್ಲ ಎಂದರು ಇಮಾಮ್ ಶಾಫಿಈ. ನೋಡಿ, ಪ್ರಶ್ನೆ ಅದೇ: ಆದೇಶ ಫಲಿಸದಿದ್ದರೆ ನಷ್ಟ ಯಾರದು? ಅಷ್ಟು ಹಿಂದೆಯೇ ಇಬ್ಬರು ಮಹಾ ಪಂಡಿತರು ಎರಡು ಉತ್ತರ ಕೊಟ್ಟಿದ್ದರು.

ಶರಾಫರ ಹುಂಡಿ

ಸರ್ರಾಫ್ ಎಂಬ ಅರಬಿ ಪದ ಕನ್ನಡಕ್ಕೆ ಬಂದು ಶರಾಫ ಆಯಿತು. ಜಮಾ, ಬಾಕಿ, ವಸೂಲಿ, ರಸೀದಿ, ಖಜಾನೆ ಮೊದಲಾದ ಪದಗಳೂ ಅರಬಿ, ಪಾರಸಿಗಳಿಂದಲೇ ಬಂದು ನಮ್ಮ ಲೆಕ್ಕದ ಪುಸ್ತಕಗಳಲ್ಲಿ ನೆಲೆಯೂರಿದವು. ಶರಾಫರು ಮತ್ತು ಸಾಹುಕಾರರು ಬರೆಯುತ್ತಿದ್ದ ಹಣದ ಆದೇಶಕ್ಕೆ ಹುಂಡಿ ಎಂದು ಹೆಸರು. ದೇವಸ್ಥಾನದ ಕಾಣಿಕೆ ಪೆಟ್ಟಿಗೆಗೂ ಇದೇ ಹೆಸರಿರುವುದರಿಂದ ವಿದ್ಯಾರ್ಥಿಗಳು ಗೊಂದಲಪಡಬಾರದು.

ನಮ್ಮ ನಾಲ್ಕು ತಾಲ್ಲೂಕುಗಳ ಭೂಗೋಳವನ್ನು ಒಮ್ಮೆ ನೆನೆಯಿರಿ. ಮೈಸೂರಿನಿಂದ ಕೊಡಗಿಗೆ ಹೋಗುವ ದಾರಿ ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಹೋಗುತ್ತದೆ. ಹೆಗ್ಗಡದೇವನಕೋಟೆಯಿಂದ ಮುಂದೆ ಕಾಡು ದಾಟಿದರೆ ವಯನಾಡು. ಕೃಷ್ಣರಾಜನಗರ ಎದ್ದು ನಿಲ್ಲುವ ಮೊದಲು ಎಡತೊರೆಯೇ ಕಾವೇರಿ ದಡದ ಮುಖ್ಯ ಊರು. ಎತ್ತಿನ ಗಾಡಿಯ ಕಾಲದಲ್ಲಿ ಇಂಥ ದಾರಿಗಳಲ್ಲಿ ಬೆಳ್ಳಿಯ ನಾಣ್ಯಗಳ ಚೀಲ ಹೊತ್ತು ಸಾಗುವುದೆಂದರೆ ಜೀವವನ್ನು ಕೈಯಲ್ಲಿ ಹಿಡಿದಂತೆ. ಹಣ ಸಾಗಿಸುವ ಬದಲು ಹಣದ ಮಾತನ್ನು ಸಾಗಿಸುವ ಉಪಾಯವೇ ಹುಂಡಿ.

ಹುಂಡಿಗಳಲ್ಲಿ ಹಲವು ಬಗೆ. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗೊತ್ತಾದ ಅವಧಿಯ ನಂತರ ಕೊಡಬೇಕಾದದ್ದು ಮುದ್ದತಿ ಹುಂಡಿ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಶಾಹಜೋಗ್ ಹುಂಡಿ. ಇದರ ಹಣವನ್ನು ಪೇಟೆಯಲ್ಲಿ ಎಲ್ಲರೂ ಬಲ್ಲ ಮರ್ಯಾದಸ್ಥ ವ್ಯಾಪಾರಿಗೆ, ಅಂದರೆ ಶಾಹನಿಗೆ ಮಾತ್ರ ಕೊಡಬೇಕು. ದಾರಿಹೋಕನ ಕೈಗೆ ಸಿಕ್ಕಿದರೆ ಅವನಿಗೆ ಅದರಿಂದ ಪ್ರಯೋಜನವಿಲ್ಲ. ಹುಂಡಿ ಕದ್ದದ್ದು ಅಥವಾ ಖೋಟಾ ಎಂದು ನಂತರ ತಿಳಿದರೆ ಹಣ ಪಡೆದ ಶಾಹನೇ ಹಿಂದಿರುಗಿಸಬೇಕು. ಹುಂಡಿ ಕಳೆದುಹೋದರೆ ಪೈಠ್ ಎಂಬ ಎರಡನೆಯ ಪ್ರತಿ, ಅದೂ ಹೋದರೆ ಪರ್‌ಪೈಠ್ ಎಂಬ ಮೂರನೆಯ ಪ್ರತಿ ಬರೆದುಕೊಡುತ್ತಿದ್ದರು.

ಈ ಕಾಲದ ಉತ್ತರ ಸ್ಪಷ್ಟ. ಹಣವನ್ನು ಕಾಯುತ್ತಿದ್ದುದು ಮನುಷ್ಯನ ಗುರುತು. ಯಾರನ್ನು ಪೇಟೆ ಬಲ್ಲದೋ ಅವರೇ ಹೊಣೆಗಾರರು.

ಬ್ಯಾಂಕುಗಳು ಬಂದವು

ಸಾಮಾನ್ಯ ಜನರಿಗೆ ಶರಾಫರ ಹುಂಡಿ ಎಟುಕುತ್ತಿರಲಿಲ್ಲ. ಅವರಿಗೆ ಮೊದಲು ಒದಗಿದ್ದು ಅಂಚೆಯ ಮನಿಆರ್ಡರ್. ಬ್ರಿಟಿಷ್ ಭಾರತದಲ್ಲಿ 1880ರಲ್ಲಿ ಅಂಚೆ ಇಲಾಖೆ ಈ ಸೇವೆ ಆರಂಭಿಸಿತು. ಮೈಸೂರು ಸಂಸ್ಥಾನದ ಸ್ವಂತ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬಂದು, ಮುಖ ನೋಡಿ, ಹೆಬ್ಬೆಟ್ಟೊತ್ತಿಸಿಕೊಂಡು ಹಣ ಎಣಿಸಿ ಕೊಡುವ ದೃಶ್ಯ ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿದೆ.

ಬ್ಯಾಂಕುಗಳ ವಿಷಯದಲ್ಲಿ 1906 ನಮ್ಮ ನಾಡಿಗೆ ಸ್ಮರಣೀಯ ವರ್ಷ. ಆ ವರ್ಷ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರ್ ಅವರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಸ್ಥಾಪಿಸಿದರು. ಮೊದಲ ದಿನ ಕೂಡಿದ ಹಣ 38 ರೂಪಾಯಿ 13 ಆಣೆ 2 ಪೈ. ಇದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ಬೆಳೆದು, 1980ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಯಿತು. ಅದೇ 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮುಂದೆ ಕೆನರಾ ಬ್ಯಾಂಕ್ ಎನಿಸಿದ ಸಂಸ್ಥೆಗೆ ಅಡಿಪಾಯ ಹಾಕಿದರು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1913ರಲ್ಲಿ ಬ್ಯಾಂಕ್ ಆಫ್ ಮೈಸೂರು ಹುಟ್ಟಿತು. ಅದು 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಯಿತು, 2017ರ ಏಪ್ರಿಲ್ 1ರಂದು ಅದರಲ್ಲೇ ಸೇರಿಹೋಯಿತು. ನಮ್ಮ ಹಳ್ಳಿಗಳವರೆಗೆ ಬಂದದ್ದು 1976ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಾವೇರಿ ಗ್ರಾಮೀಣ ಬ್ಯಾಂಕ್. ಹಲವು ವಿಲೀನಗಳ ನಂತರ ಅದು ಇಂದಿನ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ.

1881ರ ಕಾಯಿದೆ ಹೇಳಿದ್ದೇನು?

ಬ್ಯಾಂಕುಗಳಿಗೆ ಬೇಕಾದ ಕಾನೂನು ಅವುಗಳಿಗಿಂತ ಮೊದಲೇ ಸಿದ್ಧವಾಗಿತ್ತು. ಅದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ. ಕನ್ನಡದಲ್ಲಿ ವರ್ಗಾವಣೀಯ ಲಿಖಿತಗಳ ಕಾಯಿದೆ ಎಂದು ಕರೆಯುವುದುಂಟು. ದೇಶೀ ಭಾಷೆಗಳಲ್ಲಿ ಬರೆದ ಪತ್ರಗಳ ಸ್ಥಳೀಯ ರೂಢಿಗೆ ಧಕ್ಕೆ ತರುವುದಿಲ್ಲ ಎಂದು ಈ ಕಾಯಿದೆ ತನ್ನ ಮೊದಲ ಕಲಮಿನಲ್ಲೇ ಹೇಳಿ ಹುಂಡಿಗೆ ಗೌರವ ಕೊಟ್ಟಿತು.

ಈ ಕಾಯಿದೆಯಂತೆ ಚೆಕ್ ಎಂದರೆ ಖಾತೆದಾರನು ತನ್ನ ಬ್ಯಾಂಕಿಗೆ ಕೊಡುವ ಷರತ್ತಿಲ್ಲದ ಲಿಖಿತ ಆದೇಶ. ಅದು ಕೋರಿಕೆಯಲ್ಲ, ಅರ್ಜಿಯಲ್ಲ. ಈ ಮಾತನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕೌಂಟರಿನ ಮುಂದೆ ನಾವು ಎಷ್ಟೇ ಮುದುಡಿ ನಿಂತರೂ ಕಾನೂನಿನ ಕಣ್ಣಿನಲ್ಲಿ ಆದೇಶ ಕೊಡುವವರು ನಾವು, ಪಾಲಿಸಬೇಕಾದದ್ದು ಬ್ಯಾಂಕು. 31ನೆಯ ಕಲಮಿನಂತೆ ಖಾತೆಯಲ್ಲಿ ಸಾಕಷ್ಟು ಹಣವಿದ್ದು, ಅದನ್ನು ಕೊಡಲು ಬೇರೆ ಅಡ್ಡಿಯಿಲ್ಲದಿದ್ದರೂ ಚೆಕ್ಕನ್ನು ತಿರಸ್ಕರಿಸಿದರೆ ಬ್ಯಾಂಕು ತನ್ನ ಖಾತೆದಾರನಿಗೆ ಆದ ನಷ್ಟ ತುಂಬಿಕೊಡಬೇಕು.

ಇನ್ನು ಕೆಲವು ನಿಯಮಗಳು ನಿತ್ಯದ ಬಳಕೆಗೆ ಸಂಬಂಧಿಸಿದವು. ಅಂಕಿಯಲ್ಲೂ ಅಕ್ಷರದಲ್ಲೂ ಬರೆದ ಮೊತ್ತ ಬೇರೆ ಬೇರೆಯಾಗಿದ್ದರೆ ಅಕ್ಷರದಲ್ಲಿರುವುದೇ ಸರಿಯಾದ ಮೊತ್ತ ಎನ್ನುತ್ತದೆ 18ನೆಯ ಕಲಮು. ಚೆಕ್ಕಿನ ಮೇಲೆ ಎರಡು ಅಡ್ಡಗೆರೆ ಎಳೆದರೆ ಹಣ ಕೌಂಟರಿನಲ್ಲಿ ಕೈಗೆ ಸಿಗುವುದಿಲ್ಲ, ಒಂದು ಬ್ಯಾಂಕಿನ ಮೂಲಕವೇ ಹೋಗಬೇಕು. ಹೀಗೆ ನೋಡಿದರೆ ಈ ಎರಡು ಗೆರೆಗಳು ಮಾಡುವ ಕೆಲಸ ಹಿಂದೆ ಶಾಹಜೋಗ್ ಹುಂಡಿಯ ಶಾಹ ಮಾಡುತ್ತಿದ್ದ ಕೆಲಸವೇ: ಹಣ ಅಪರಿಚಿತನ ಕೈಸೇರದಂತೆ ನಡುವೆ ಪರಿಚಿತರೊಬ್ಬರು ನಿಲ್ಲುವುದು.

ಹಣ ಪಡೆಯುವವನು ಚೆಕ್ಕಿನ ಹಿಂದೆ ಹಾಕಿದ ಸಹಿ ಖೋಟಾ ಆಗಿದ್ದು, ಬ್ಯಾಂಕು ಪ್ರಾಮಾಣಿಕವಾಗಿ, ಅಜಾಗರೂಕತೆಯಿಲ್ಲದೆ ಹಣ ಕೊಟ್ಟಿದ್ದರೆ 85ನೆಯ ಕಲಮು ಬ್ಯಾಂಕನ್ನು ರಕ್ಷಿಸುತ್ತದೆ. ಪಡೆಯುವವನ ಸಹಿ ಬ್ಯಾಂಕಿಗೆ ಪರಿಚಿತವಲ್ಲವಲ್ಲ! ಆದರೆ ಆದೇಶ ಕೊಟ್ಟವನ ಸಹಿಯೇ ಖೋಟಾ ಆಗಿದ್ದರೆ? ಈ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯದಿಂದ ಸ್ಪಷ್ಟ ಉತ್ತರ ತಂದುಕೊಟ್ಟದ್ದು ನಮ್ಮ ಕರ್ನಾಟಕದ ಒಂದು ಮೊಕದ್ದಮೆ.

ಮಂಗಳೂರಿನ 42 ಚೆಕ್ಕುಗಳು

ಮಂಗಳೂರಿನ ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಕಂಪನಿಗೆ ಅಲ್ಲಿನ ಕೆನರಾ ಬ್ಯಾಂಕಿನಲ್ಲಿ ಖಾತೆ ಇತ್ತು. ಚೆಕ್ಕಿಗೆ ಸಹಿ ಮಾಡುವ ಅಧಿಕಾರ ಆಡಳಿತ ನಿರ್ದೇಶಕರದು. ಚೆಕ್ ಪುಸ್ತಕ ಇರುತ್ತಿದ್ದುದು ಲೆಕ್ಕಿಗನ ವಶದಲ್ಲಿ. 1957ರಿಂದ 1961ರವರೆಗೆ ನಿರ್ದೇಶಕರ ಖೋಟಾ ಸಹಿಯುಳ್ಳ 42 ಚೆಕ್ಕುಗಳ ಮೂಲಕ ಒಟ್ಟು 3,26,047 ರೂಪಾಯಿ 92 ಪೈಸೆ ಖಾತೆಯಿಂದ ಹೊರಹೋಯಿತು. ವಿಷಯ ಹೊರಬಿದ್ದಾಗ ಕಂಪನಿ ತನ್ನ ಹಣ ಕೇಳಿತು.

ಬ್ಯಾಂಕಿನ ವಾದ ಮೇಲ್ನೋಟಕ್ಕೆ ಬಲವಾಗಿಯೇ ಇತ್ತು. ಪಾಸ್ ಪುಸ್ತಕ, ಲೆಕ್ಕದ ಪಟ್ಟಿಗಳು ಕಂಪನಿಗೆ ಹೋಗುತ್ತಲೇ ಇದ್ದವು. ಇಷ್ಟು ವರ್ಷ ಕಂಪನಿ ಆಕ್ಷೇಪ ಎತ್ತಲಿಲ್ಲ. ಕಂಪನಿಯ ಅಜಾಗರೂಕತೆಯಿಂದಲೇ ಮೋಸ ನಡೆಯಿತು. ಆದ್ದರಿಂದ ನಷ್ಟವನ್ನು ಕಂಪನಿಯೇ ಹೊರಬೇಕು. ವಿಚಾರಣಾ ನ್ಯಾಯಾಲಯ ಒಪ್ಪಲಿಲ್ಲ. ಹೈಕೋರ್ಟೂ ಒಪ್ಪಲಿಲ್ಲ. 1987ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ವಿ. ಖಾಲಿದ್ ಮತ್ತು ನ್ಯಾಯಮೂರ್ತಿ ಜಿ.ಎಲ್. ಓಝಾ ಅವರ ಪೀಠ ಬ್ಯಾಂಕಿನ ಮೇಲ್ಮನವಿಯನ್ನು ತಳ್ಳಿಹಾಕಿತು.

ತೀರ್ಪಿನ ತಿರುಳು ಇಷ್ಟು. ಖೋಟಾ ಸಹಿಯ ಚೆಕ್ ಆದೇಶವೇ ಅಲ್ಲ. ಆದೇಶವಿಲ್ಲದೆ ಕೊಟ್ಟ ಹಣ ಖಾತೆದಾರನ ಹಣವಲ್ಲ, ಬ್ಯಾಂಕಿನದೇ ಹಣ. ಪಾಸ್ ಪುಸ್ತಕವನ್ನು ಪರೀಕ್ಷಿಸಿ ತಪ್ಪು ತೋರಿಸುವ ಕಾನೂನಿನ ಕರ್ತವ್ಯ ಖಾತೆದಾರನಿಗಿಲ್ಲ. ಅವನು ಅಜಾಗರೂಕನಾಗಿದ್ದ ಎಂದಷ್ಟೇ ಹೇಳಿ ಬ್ಯಾಂಕು ತಪ್ಪಿಸಿಕೊಳ್ಳುವಂತಿಲ್ಲ. ಖೋಟಾ ಎಂದು ತಿಳಿದೂ ಒಪ್ಪಿಕೊಂಡಿದ್ದ ಅಥವಾ ಬ್ಯಾಂಕು ತಪ್ಪು ನಂಬುವಂತೆ ನಡೆದುಕೊಂಡಿದ್ದ ಎಂದು ರುಜುವಾತುಪಡಿಸಬೇಕು.

ಆದರೆ ಖಾತೆದಾರನಿಗೆ ಯಾವ ಹೊಣೆಯೂ ಇಲ್ಲ ಎಂದು ಭಾವಿಸಬಾರದು. ಇದಕ್ಕೆ ಇಂಗ್ಲೆಂಡಿನ 1918ರ ಮ್ಯಾಕ್‌ಮಿಲನ್ ಮೊಕದ್ದಮೆ ಉದಾಹರಣೆ. ಗುಮಾಸ್ತನೊಬ್ಬ ಎರಡು ಪೌಂಡಿನ ಚೆಕ್ ಬರೆದು ಯಜಮಾನನ ಮುಂದಿಟ್ಟ. ಅಂಕಿಯ ಎರಡೂ ಬದಿ ಜಾಗ ಬಿಟ್ಟಿದ್ದ, ಅಕ್ಷರದ ಸಾಲನ್ನು ಖಾಲಿ ಬಿಟ್ಟಿದ್ದ. ಯಜಮಾನ ಅವಸರದಲ್ಲಿ ಸಹಿ ಹಾಕಿದ. ಗುಮಾಸ್ತ ಎರಡರ ಹಿಂದೆ ಒಂದು, ಮುಂದೆ ಸೊನ್ನೆ ಸೇರಿಸಿ, ಅಕ್ಷರದಲ್ಲೂ ತುಂಬಿ 120 ಪೌಂಡ್ ಪಡೆದು ಪರಾರಿಯಾದ. ಇಲ್ಲಿ ಸಹಿ ನಿಜ. ಆದೇಶ ಬರೆಯುವಾಗ ಎಚ್ಚರ ವಹಿಸುವುದು ಖಾತೆದಾರನ ಕರ್ತವ್ಯ ಎಂದು ಹೇಳಿ ಹೌಸ್ ಆಫ್ ಲಾರ್ಡ್ಸ್ ನಷ್ಟವನ್ನು ಯಜಮಾನನ ಮೇಲೆಯೇ ಹಾಕಿತು.

ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ ಚೆಕ್ಕಿನ ಕಾಲದ ಉತ್ತರ ಸಿಗುತ್ತದೆ. ಹಣವನ್ನು ಕಾಯುತ್ತಿದ್ದುದು ಸಹಿ. ನನ್ನ ಸಹಿಯೇ ಅಲ್ಲದಿದ್ದರೆ ನಷ್ಟ ಬ್ಯಾಂಕಿನದು. ನನ್ನ ಸಹಿ ಹಾಕಿ ನಾನೇ ಜಾಗ ಖಾಲಿ ಬಿಟ್ಟರೆ ನಷ್ಟ ನನ್ನದು.

ಡ್ರಾಫ್ಟು ಮತ್ತು ಹೊಗೆಸೊಪ್ಪಿನ ಹಣ

ಚೆಕ್ಕನ್ನು ಎಲ್ಲರೂ ನಂಬುತ್ತಿರಲಿಲ್ಲ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಕೊಡುವವರು ಹೆಚ್ಚಾದಾಗ 1988ರಲ್ಲಿ ಕಾಯಿದೆಗೆ 138ನೆಯ ಕಲಮು ಸೇರಿತು. 1989ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂದು, ಸಾಲ ತೀರಿಸಲು ಕೊಟ್ಟ ಚೆಕ್ ಹಣವಿಲ್ಲದೆ ಮರಳಿದರೆ ಜೈಲು ಶಿಕ್ಷೆಯೂ ಆಗಬಹುದು ಎಂದಾಯಿತು. ಕಾಲೇಜು, ಕಚೇರಿಗಳು ಮಾತ್ರ ಡಿಮ್ಯಾಂಡ್ ಡ್ರಾಫ್ಟನ್ನೇ ಕೇಳುತ್ತಿದ್ದವು. ಡ್ರಾಫ್ಟ್ ಎಂದರೆ ಬ್ಯಾಂಕಿನ ಒಂದು ಶಾಖೆ ಅದೇ ಬ್ಯಾಂಕಿನ ಇನ್ನೊಂದು ಶಾಖೆಗೆ ಬರೆದ ಆದೇಶ. ಹಣ ಮೊದಲೇ ಕಟ್ಟಿರುವುದರಿಂದ ಮರಳುವ ಭಯವಿಲ್ಲ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಮನೆಗಳಲ್ಲಿ ರಿಜಿಸ್ಟರ್ಡ್ ಅಂಚೆಯ ಲಕೋಟೆಯಲ್ಲಿ ಬರುತ್ತಿದ್ದ ಡ್ರಾಫ್ಟಿಗಾಗಿ ಕಾದು ಕುಳಿತ ದಿನಗಳನ್ನು ನಮ್ಮ ತಾಯಂದಿರು ಮರೆತಿಲ್ಲ. ಲಕೋಟೆ ಬಂದ ದಿನ ಮನೆಗೆ ಹಬ್ಬ.

ನಮ್ಮ ಭಾಗದಲ್ಲಿ ಬ್ಯಾಂಕ್ ಖಾತೆಯನ್ನು ಮನೆಮನೆಗೆ ತಂದವುಗಳಲ್ಲಿ ಹೊಗೆಸೊಪ್ಪಿನ ಪಾಲು ದೊಡ್ಡದು. 1975ರ ಕಾಯಿದೆಯಂತೆ ತಂಬಾಕು ಮಂಡಳಿ ಸ್ಥಾಪನೆಯಾಗಿ, 1984ರಲ್ಲಿ ಕರ್ನಾಟಕದಲ್ಲಿ ಅದರ ಹರಾಜು ಆರಂಭವಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ ಮೊದಲಾದ ಕಡೆ ಹರಾಜು ಮಾರುಕಟ್ಟೆಗಳು ಬಂದವು. ಬೇಲು ಮಾರಿದ ಹಣ ರೈತನ ಖಾತೆಗೆ ಬರುತ್ತದೆ. ಬ್ಯಾರನ್‌ಗೆ, ಗೊಬ್ಬರಕ್ಕೆ ಮಾಡಿದ ಸಾಲದ ಕಂತನ್ನು ಒಪ್ಪಂದದಂತೆ ಬ್ಯಾಂಕು ಅದರಿಂದಲೇ ಮುರಿದುಕೊಳ್ಳುತ್ತದೆ. ದಲ್ಲಾಳಿಯ ಕೈಯಿಂದ ನೋಟು ಎಣಿಸಿಕೊಳ್ಳುತ್ತಿದ್ದ ರೈತ ಈಗ ಪಾಸ್ ಪುಸ್ತಕದ ಸಾಲು ಓದಬೇಕಾಯಿತು. ಓದಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಂಡರು. ಸಾಲದ ಪತ್ರಕ್ಕೆ ಸಹಿ ಹಾಕುವಾಗ ಇಂಥ ಮುರಿತಕ್ಕೂ ತಾವೇ ಒಪ್ಪಿಗೆ ಕೊಟ್ಟಿರುತ್ತೇವೆ ಎಂಬುದು ಎಷ್ಟೋ ಜನರಿಗೆ ಹಣ ಕಡಿಮೆ ಬಂದಾಗಲೇ ತಿಳಿಯಿತು.

ಅಂಕಿಯ ಕಾಲ

ಇಪ್ಪತ್ತೊಂದನೆಯ ಶತಮಾನದಲ್ಲಿ ಆದೇಶ ಕಾಗದವನ್ನು ಬಿಟ್ಟಿತು. ದೊಡ್ಡ ಮೊತ್ತಗಳಿಗಾಗಿ ಆರ್‌ಟಿಜಿಎಸ್ 2004ರ ಮಾರ್ಚ್‌ನಲ್ಲಿ, ಎಲ್ಲರ ಬಳಕೆಗೆ ನೆಫ್ಟ್ 2005ರ ನವೆಂಬರ್‌ನಲ್ಲಿ, ತಕ್ಷಣದ ಪಾವತಿಗೆ ಐಎಂಪಿಎಸ್ 2010ರಲ್ಲಿ, ಮೊಬೈಲಿನ ಯುಪಿಐ 2016ರಲ್ಲಿ ಬಂದವು. ಇವುಗಳಿಗೆ ಆಧಾರವಾಗಿ 2007ರಲ್ಲಿ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯಿದೆ ರಚನೆಯಾಗಿ 2008ರ ಆಗಸ್ಟ್ 12ರಿಂದ ಜಾರಿಗೆ ಬಂತು. ಬ್ಯಾಂಕುಗಳ ನಡುವೆ ಒಮ್ಮೆ ಇತ್ಯರ್ಥವಾದ ಲೆಕ್ಕ ಅಂತಿಮ, ಅದನ್ನು ಹಿಂತೆಗೆಯುವಂತಿಲ್ಲ ಎಂದು ಈ ಕಾಯಿದೆ ಹೇಳುತ್ತದೆ. ಚೆಕ್ಕನ್ನಾದರೆ ಹಣ ಪಾವತಿಯಾಗುವ ಮುನ್ನ ಬ್ಯಾಂಕಿಗೆ ಓಡಿ "ತಡೆಯಿರಿ" ಎನ್ನಬಹುದಿತ್ತು. ಕ್ಷಣದಲ್ಲಿ ಮುಗಿಯುವ ಪಾವತಿಯನ್ನು ತಡೆಯುವುದಾದರೂ ಹೇಗೆ?

ಈಗ ಲೇಖನದ ಆರಂಭದ ರೈತರ ಬಳಿಗೆ ಬರೋಣ. 2010ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಹಣ ಪಡೆಯುವ ಬ್ಯಾಂಕು ಖಾತೆ ಸಂಖ್ಯೆಯೊಂದನ್ನೇ ಆಧರಿಸಿ ಜಮೆ ಮಾಡಬಹುದು, ಹೆಸರನ್ನು ತಾಳೆ ನೋಡಬೇಕಾಗಿಲ್ಲ, ಸರಿಯಾದ ಸಂಖ್ಯೆ ಕೊಡುವ ಹೊಣೆ ಕಳುಹಿಸುವವನದು ಎಂಬುದು ಅದರ ಸಾರ. ಹುಂಡಿಯ ಕಾಲದಲ್ಲಿ ಕಾವಲಿದ್ದುದು ಮನುಷ್ಯ, ಚೆಕ್ಕಿನ ಕಾಲದಲ್ಲಿ ಸಹಿ, ಈಗ ಬರೀ ಅಂಕಿ. ಕಾವಲು ಹಗುರವಾದಂತೆ ಹೊಣೆಯ ಭಾರ ಬ್ಯಾಂಕಿನಿಂದ ಜಾರಿ ಬರೆಯುವವನ ಹೆಗಲಿಗೆ ಬಂತು. ಬರೆಯಲು ಹೆಚ್ಚು ಕಲಿಯದವರಿಗೆ ಆ ಭಾರ ಇನ್ನೂ ಹೆಚ್ಚು. ಈ ಇತಿಹಾಸದಲ್ಲಿ ನಾವು ಗಮನಿಸಲೇಬೇಕಾದ ಸಂಗತಿ ಇದು.

ಆದರೆ ಕಾನೂನು ಅಲ್ಲಿಗೇ ನಿಲ್ಲಲಿಲ್ಲ. ನೆಫ್ಟ್ ಹಣವನ್ನು ಜಮೆ ಮಾಡಲಾಗದಿದ್ದರೆ, ಆ ಬ್ಯಾಚಿನ ಲೆಕ್ಕ ಇತ್ಯರ್ಥವಾದ ಎರಡು ಗಂಟೆಯೊಳಗೆ ಹಿಂದಿರುಗಿಸಬೇಕು, ತಡವಾದರೆ ರೆಪೊ ದರಕ್ಕಿಂತ ಶೇ. 2 ಹೆಚ್ಚು ಬಡ್ಡಿ ಕೊಡಬೇಕು ಎಂಬ ನಿಯಮ ಬಂತು. ಯುಪಿಐಯಲ್ಲಿ ನಮ್ಮ ಖಾತೆಯಿಂದ ಹಣ ಕಡಿತವಾಗಿ ಇನ್ನೊಬ್ಬರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂದು 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು ಗೊತ್ತುಮಾಡಿತು. ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರು ಹಣ ಲಪಟಾಯಿಸಿದಾಗ, ಸುದ್ದಿ ತಿಳಿದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಖಾತೆದಾರನಿಗೆ ನಷ್ಟವಿಲ್ಲ ಎಂದು 2017ರ ಜುಲೈ 6ರ ಸುತ್ತೋಲೆ ಹೇಳಿತು. ಖಾತೆದಾರನದೇ ತಪ್ಪು ಎಂದು ಸಾಧಿಸುವ ಹೊಣೆಯನ್ನೂ ಬ್ಯಾಂಕಿನ ಮೇಲೆ ಹಾಕಿತು. ಆದರೆ ನಾವೇ ಪಿನ್ ಅಥವಾ ಒಟಿಪಿ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ಮ್ಯಾಕ್‌ಮಿಲನ್ ಯಜಮಾನ ಖಾಲಿ ಬಿಟ್ಟ ಜಾಗವೇ ಇಂದಿನ ಒಟಿಪಿ ಎನ್ನಬಹುದು.

ಕೊನೆಗೆ ಹೆಸರೂ ಮರಳಿ ಬಂತು. ನೆಫ್ಟ್ ಮತ್ತು ಆರ್‌ಟಿಜಿಎಸ್‌ನಲ್ಲಿ ಹಣ ಕಳುಹಿಸುವ ಮುನ್ನ ಪಡೆಯುವವರ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. "ಹೆಸರು ನೋಡಬೇಕಾಗಿತ್ತಲ್ವಾ?" ಎಂದು ಕೇಳಿದ ನಮ್ಮ ರೈತರ ಮಾತು ಅವಿವೇಕದ ಮಾತಾಗಿರಲಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಅವರ ಹಣ ಏನಾಯಿತು? ತಪ್ಪಾಗಿ ಬಂದ ಹಣವನ್ನು ಪಡೆದವನು ಹಿಂದಿರುಗಿಸಲೇಬೇಕು ಎಂದು 1872ರ ಭಾರತೀಯ ಕರಾರು ಕಾಯಿದೆಯ 72ನೆಯ ಕಲಮು ಹೇಳುತ್ತದೆ. ರೈತರು ಮಗಳ ಕೈಯಲ್ಲಿ ಲಿಖಿತ ಅರ್ಜಿ ಬರೆಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡರು. ಬ್ಯಾಂಕು ಆ ಖಾತೆದಾರರನ್ನು ಸಂಪರ್ಕಿಸಿತು. ಪುಣ್ಯಕ್ಕೆ ಅವರು ಪ್ರಾಮಾಣಿಕರು. ಒಪ್ಪಿಗೆ ಪತ್ರ ಕೊಟ್ಟರು. ಹಣ ಮರಳಿತು, ಆದರೆ ಶುಲ್ಕದ ಕೊನೆಯ ದಿನ ಕಳೆದ ಮೇಲೆ. ದಂಡ ಕಟ್ಟಬೇಕಾಯಿತು.

ವಿದ್ಯಾರ್ಥಿಗಳಿಗೆ ಒಂದು ಮಾತು

ಪ್ರಿಯ ವಿದ್ಯಾರ್ಥಿಗಳೇ, ಇಂದು ನಿಮ್ಮ ವಿದ್ಯಾರ್ಥಿವೇತನವೂ ಒಂದು ಪಾವತಿ ಆದೇಶವೇ. ಆಧಾರ್ ಮೂಲಕ ಬರುವ ಹಣ ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ನಿಮ್ಮ ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಯಲ್ಲಿ ಅದು ಕುಳಿತಿರಬಹುದು. ಆದ್ದರಿಂದ ಜೋಡಣೆ ಯಾವ ಬ್ಯಾಂಕಿನಲ್ಲಿದೆ ಎಂದು ಮೊದಲು ವಿಚಾರಿಸಿ. ಖಾತೆ ಸಂಖ್ಯೆಯನ್ನು ಎರಡು ಬಾರಿ ಓದಿ. ಹೆಸರು ತೋರಿಸಿದರೆ ಓದಿಯೇ ಮುಂದುವರಿಯಿರಿ. ಚೆಕ್ಕಿನಲ್ಲಿ ಖಾಲಿ ಜಾಗ ಬಿಡಬೇಡಿ. ಮೋಸವಾದರೆ ನಾಚಿಕೆಯಿಂದ ಸುಮ್ಮನಿರದೆ ಅದೇ ದಿನ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸಿ. ಬ್ಯಾಂಕಿನಿಂದ ನ್ಯಾಯ ಸಿಗದಿದ್ದರೆ ಶುಲ್ಕವಿಲ್ಲದೆ ದೂರು ಕೇಳಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ದೂರು ಮಾತ್ರ ಯಾವಾಗಲೂ ಬರವಣಿಗೆಯಲ್ಲಿರಲಿ. ನಿಯಮಗಳು ಆಗಾಗ ಬದಲಾಗುತ್ತವೆ. ಹಾಗಾಗಿ ಹೊಸದನ್ನು ತಿಳಿದುಕೊಳ್ಳುತ್ತಲೇ ಇರಿ.

ನಿಮ್ಮ ಮನೆಯಲ್ಲಿ ಮೊದಲ ಬಾರಿಗೆ ಬ್ಯಾಂಕಿನ ಕಾಗದವನ್ನು ಪೂರ್ತಿ ಓದಬಲ್ಲವರು ನೀವೇ ಇರಬಹುದು. ಕೌಂಟರಿನ ಮುಂದೆ ಅರ್ಜಿ ಹಿಡಿದು ನಿಂತ ಹಿರಿಯರನ್ನು ಕಂಡರೆ ಒಂದು ನಿಮಿಷ ನಿಂತು, "ಕೊಡಿ ಚಾಚಾ, ನಂಬರ್ ಒಂದ್ಸಲ ನೋಡ್ತೀನಿ" ಎನ್ನಿ. ಹುಂಡಿಯ ಕಾಲದಲ್ಲಿ ಪೇಟೆಯ ಪರಿಚಿತರು ಮಾಡುತ್ತಿದ್ದ ಕಾವಲನ್ನು ಈಗ ನೀವು ಮಾಡಿದಂತಾಗುತ್ತದೆ.